ಪಂಪಿನ ಸದ್ದು ಮತ್ತು ನನ್ನ ಹೊಟ್ಟೆಕಿಚ್ಚು

ಎಂಜಿನಿಯರಿಂಗಿನ ಕೊನೆಯ ವರ್ಷ ಹುನ್ನೂರಿನ ಗೆಳೆಯನೊಬ್ಬ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ. ಅವನ ಮನೆಯವರು ಕುರಿ ಸಾಕುವವರು, ಬೀರೇಶ್ವರನ ಭಕ್ತರು. ಅವನು ಡೊಳ್ಳು ಬಾರಿಸುತ್ತಿದ್ದ. ನಾನು ಜಮಖಂಡಿಯ ವ್ಯಾಪಾರಿಯ ಮಗ, ಮೊದಲ ವರ್ಷದಿಂದಲೂ ಕ್ಲಾಸಿಗೇ ಮೊದಲಿಗ. ಮೊದಲಿಗನಾಗಿರುವುದನ್ನು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ.

ಇಬ್ಬರ ಪ್ರಾಜೆಕ್ಟಿಗೂ ಒಂದೇ ವಿಷಯ. ತುಬಚಿಯ ಹೊಳೆದಂಡೆಯಲ್ಲಿ ಅವನ ಮಾವನ ಪಂಪು ಚಾಲೂ ಇರುವಾಗ ನಡುನಡುವೆ 'ಟಕ್' ಎನ್ನುತ್ತಿತ್ತು. ಆ ಸದ್ದನ್ನು ರೆಕಾರ್ಡ್ ಮಾಡಿ, ಯಾವ ಕ್ಷಣದಲ್ಲಿ ಯಾವ ಕಂಪನ ಎದ್ದಿತೆಂದು ಕಂಪ್ಯೂಟರಿನಲ್ಲಿ ಚಿತ್ರ ಬರೆಸಬೇಕಿತ್ತು. ಚೆನ್ನಾಗಿ ಮಾಡಿದವನಿಗೆ ಎಂ.ಟೆಕ್ ಸೇರಲು ಶಿಫಾರಸು ಪತ್ರ ಕೊಡುವುದಾಗಿ ಸರ್ ಹೇಳಿದ್ದರು. ಒಬ್ಬನಿಗೆ ಮಾತ್ರ.

ಇಡೀ ಸದ್ದನ್ನು ಒಟ್ಟಿಗೆ ನೋಡಿದರೆ ಯಾವ ಕಂಪನಗಳಿವೆ ಎಂದು ತಿಳಿಯುತ್ತದೆ, ಯಾವಾಗ ಎಂದು ತಿಳಿಯುವುದಿಲ್ಲ. ಅದಕ್ಕೇ ತುಂಡು ತುಂಡು ಮಾಡಿ ನೋಡುವುದು. ಆ ತುಂಡಿಗೆ ವಿಂಡೋ ಎನ್ನುತ್ತಾರೆ. ಗಿಡ್ಡ ಮಾಡಿದರೆ ಕಂಪನ ಎದ್ದ ಹೊತ್ತು ಸಿಗುತ್ತದೆ, ಯಾವ ಕಂಪನವೆಂಬುದು ಮಸುಕಾಗುತ್ತದೆ. ಉದ್ದ ಮಾಡಿದರೆ ಅದರ ಉಲ್ಟಾ. ಯಾಕೆಂದು ಸರ್ ಕೇಳಿದಾಗ ನಾನು ಬೋರ್ಡಿನ ತುಂಬ ಸೂತ್ರ ಬರೆದೆ. ಅವನು ಕೂತಲ್ಲಿಂದಲೇ ಎದ್ದು, "ಡೊಳ್ಳಿಗೆ ಒಂದ ಪೆಟ್ಟ ಕೊಟ್ರ ಯಾವಾಗ ಬಿತ್ತಂತ ಗೊತ್ತಾಗತೈತ್ರಿ, ಯಾವ ಸ್ವರ ಅಂತ ಹೇಳಾಕ ಬರೂದಿಲ್ಲ. ಸನಾದಿ ಉದ್ದಕ ಊದಿದ್ರ ಸ್ವರ ಸಿಗತೈತಿ, ಆದ್ರ ಅದು ಒಂದ ಕ್ಷಣದ್ದಲ್ಲರಿ" ಎಂದ.

"ಭಾಳ ಛಲೋ ಹೇಳಿದಿ ನೋಡಪಾ," ಎಂದರು ಸರ್. ನನ್ನ ಸೂತ್ರಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದು ನಾನು, ಶಾಬಾಸಗಿರಿ ಇವನಿಗೆ!

ಸರ್‌ಗೆ ಚಿತ್ರ ತೋರಿಸುವ ದಿನ ಅವನು ನೀರು ಕುಡಿಯಲು ಹೊರಗೆ ಹೋದ. ಅವನ ಪ್ರೋಗ್ರಾಮಿನಲ್ಲಿ ವಿಂಡೋದ ಉದ್ದ 256 ಎಂದಿತ್ತು. ನಾನು 8192 ಮಾಡಿದೆ. ಸೇವ್ ಮಾಡಿ ನನ್ನ ಜಾಗಕ್ಕೆ ಬಂದು ಕೂತೆ.

ಎದ್ದು ಕಾಣಬೇಕಿದ್ದ 'ಟಕ್'ಗಳೆಲ್ಲ ಅವನ ಚಿತ್ರದಲ್ಲಿ ಹರಡಿ ಮಬ್ಬಾಗಿದ್ದವು. ಅವನು ಪರದೆ ನೋಡಿದ, ಆಮೇಲೆ ನನ್ನನ್ನು ನೋಡಿದ. "ವಿಂಡೋ ಉದ್ದ ಆಗೇತ್ರಿ ಸರ್. ನಂದ ತಪ್ಪು," ಎಂದ. ತಿದ್ದುತ್ತೇನೆ ಎನ್ನುವಷ್ಟರಲ್ಲಿ ಸರ್ ನನ್ನನ್ನು ಕರೆದರು. ನನ್ನ ಚಿತ್ರ ಸರಿಯಾಗಿತ್ತು. ಪತ್ರ ನನಗೇ ಸಿಕ್ಕಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿದವನೂ ಅವನೇ.

"ನೀ ಬದಲ ಮಾಡಿದ್ದು ಆಗ್ಲೇ ಗೊತ್ತಾತಲೇ," ಎಂದ.

"ಮತ್ತ ಸರ್‌ಗ ಯಾಕ ಹೇಳ್ಲಿಲ್ಲ?"

"ಆ ಪತ್ರ ಸಿಗಲಿಲ್ಲಂದ್ರ ನೀ ತಡ್ಕೋತಿರ್ಲಿಲ್ಲ. ನಾ ತಡ್ಕೋತೀನಿ."

ಅವನ ದನಿಯಲ್ಲಿ ಸಿಟ್ಟು ಇರಲೇ ಇಲ್ಲ. ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ನಿಂತಿದ್ದ ನನಗೆ ಆಗಲೂ ಅವನ ಮೇಲೆ ಹೊಟ್ಟೆಕಿಚ್ಚೇ ಆಯಿತು.