ಗಾಳಿಯಲ್ಲಿ ಐವತ್ತು ನಿಮಿಷ

ದಾರಿ ಕೇಳಿದವರಿಗೆ ಜಗ್ಗಣ್ಣ ಆಕಾಶ ತೋರಿಸುತ್ತಿದ್ದ. ಮಡಂತ್ಯಾರು ಪೇಟೆಯಲ್ಲಿ ಯಾರೋ ಪಾಪದವರು ವೇಣೂರಿನ ಬಸ್ಸು ಯಾವುದೆಂದು ಕೇಳಿದರೆ ಗಲ್ಲ ಮೇಲೆತ್ತಿ, "ವೇಣೂರಾ? ಗಾಳಿಯಲ್ಲಿ ಎರಡು ನಿಮಿಷ ಮಾರಾಯ" ಎನ್ನುತ್ತಿದ್ದ. ಕೇಳಿದವರು ಬೆಪ್ಪಾಗಿ ನಿಲ್ಲಬೇಕು, ಇವನು ಹಲ್ಲು ಕಿರಿಯಬೇಕು.

ನಮ್ಮ ಪಕ್ಕದ ಮನೆಯವನು. ಕೊಲ್ಲಿಯಲ್ಲಿ ಯಾವುದೋ ಗೋದಾಮಿನ ಬಾಗಿಲು ಕಾದು ಬಂದವನಿಗೆ ಇಷ್ಟು ಜಂಬ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಬಸ್ಸಿನಲ್ಲಿ ಹೋಗುವವರು ಅವನ ಬಾಯಲ್ಲಿ "ಮೂಟೆಗಳು". ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರ, ಹಾರುವ ಸಮಯ ತೋರಿಸುವ ಪುಟವೊಂದು ಅವನ ಮೊಬೈಲಿನಲ್ಲಿತ್ತು. ಅದು ಹೇಳಿದ್ದೇ ವೇದವಾಕ್ಯ. ಒಮ್ಮೆ ಹೋಟೆಲಿನಲ್ಲಿ ಮಂಗಳೂರು–ಕಣ್ಣೂರಿನ ಹಾರಾಟದ ಬಗ್ಗೆ ಕೊಚ್ಚುತ್ತಿದ್ದಾಗ ಜವಳಿ ಅಂಗಡಿಯ ಇಸ್ಮಾಯಿಲ್ ಬ್ಯಾರಿ, "ಆ ವಿಮಾನ ಎಷ್ಟು ಗಂಟೆಗೆ ಉಂಟು ಜಗ್ಗಣ್ಣ?" ಎಂದು ಕೇಳಿದರು.

"ಸಮಯ ತೋರಿಸ್ತದೆ ಅಂದ ಮೇಲೆ ವಿಮಾನ ಇರುದಿಲ್ವಾ? ನಿಮಗೆಲ್ಲ ಹೇಳಿ ಪ್ರಯೋಜನ ಇಲ್ಲ" ಎಂದು ಸಿಡುಕಿದ. ನಾವೆಲ್ಲ ನಕ್ಕೆವು. ಅಷ್ಟಕ್ಕೇ ಮುಗಿದಿದ್ದರೆ ಅವನನ್ನು ಕ್ಷಮಿಸಬಹುದಿತ್ತು.

ಅಮ್ಮನ ಒಬ್ಬನೇ ತಮ್ಮ, ನನ್ನ ಮಾವ, ಬೆಳಗಾವಿಯ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದರು. ನಾನು ಮಂಚದ ಬದಿಯಲ್ಲಿದ್ದೆ. "ಅಕ್ಕ ಬಂದಳಾ?" ಇದೊಂದೇ ಮಾತು. ಹೋಗುವ ಜೀವದ ಬಾಯಿಗೆ ತನ್ನ ಕೈಯಿಂದ ನೀರು ಬಿಡಬೇಕೆಂದು ಅಮ್ಮನಿಗೂ ಆಸೆ. ಸಂಜೆಯ ಬಸ್ಸು ಹತ್ತು, ಬೆಳಗಾಗುವಾಗ ಇಲ್ಲಿರ್ತೀ ಎಂದು ಅವಳಿಗೆ ಫೋನು ಮಾಡಿದರೆ, ಮನೆಗೆ ಬಂದಿದ್ದ ಜಗ್ಗಣ್ಣ ಅದನ್ನು ಅವಳ ಕೈಯಿಂದ ಕಸಿದುಕೊಂಡ.

"ಬಸ್ಸಾ? ಅಕ್ಕನನ್ನೂ ಮೂಟೆ ಮಾಡ್ತೀಯಾ? ಬಜ್ಪೆಯಿಂದ ಬೆಳಗಾವಿಗೆ ಗಾಳಿಯಲ್ಲಿ ಐವತ್ತು ನಿಮಿಷ. ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೇನೆ. ಟಿಕೆಟು ಅಲ್ಲೇ ಮಾಡುವ."

ಬೇಡ ಎಂದು ನಾನು ಬೊಬ್ಬೆ ಹೊಡೆಯುವಷ್ಟರಲ್ಲಿ ಫೋನು ಕಟ್. ನಾನು ಮತ್ತೆ ಫೋನು ಮಾಡಿ ಹೇಳಿದರೂ, ಹತ್ತಾರು ಸಲ ವಿಮಾನ ಹತ್ತಿದವನ ಮಾತನ್ನೇ ಅಮ್ಮ ನಂಬಿದಳು.

ಬೆಳಿಗ್ಗೆ ಬಜ್ಪೆ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ, "ಇಲ್ಲಿಂದ ಬೆಳಗಾವಿಗೆ ನೇರ ವಿಮಾನವೇ ಇಲ್ಲ ಅಮ್ಮ" ಎಂದಳಂತೆ. ಆ ಪುಟ ದೂರವನ್ನು ವೇಗದಿಂದ ಭಾಗಿಸಿ ಹೇಳುತ್ತಿತ್ತು, ಅಷ್ಟೇ. ಅಮ್ಮ ಅಳುತ್ತಾ ಟ್ಯಾಕ್ಸಿ ಹತ್ತುವಾಗಲೂ ಈ ಮಹಾಶಯ ಮೊಬೈಲು ಒತ್ತುತ್ತಾ ನಿಂತಿದ್ದನಂತೆ. ಅವಳು ಅಂಕೋಲೆ ದಾಟುವ ಹೊತ್ತಿಗೆ ಮಾವನ ಬಾಯಿಗೆ ನಾನು ನೀರು ಬಿಟ್ಟೆ. ನನ್ನ ಕೈಯನ್ನು ಅಕ್ಕನದೆಂದುಕೊಂಡೇ ಅವರು ಹೋದರು.

ನಮ್ಮ ಮನೆಯಲ್ಲಿ ನಡೆದ ಉತ್ತರಕ್ರಿಯೆಗೆ ನಾಚಿಕೆಗೆಟ್ಟವನು ಬಂದ. ಚಾವಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಇಷ್ಟು ಹತ್ತಿರ ಇದ್ದು ವಿಮಾನ ಬಿಡುದಿಲ್ಲ ಅಂದ್ರೆ ಅದು ವಿಮಾನ ಕಂಪೆನಿಯವರದ್ದೇ ತಪ್ಪು" ಎಂದು ಎಲ್ಲರಿಗೂ ವಿವರಿಸಿದ. ಕೊನೆಗೆ ಬಾಯಿ ಒಣಗಿತು. "ಎಂಥ ಸೆಕೆ! ಅಕ್ಕ, ಒಂದು ಗ್ಲಾಸು ನೀರು ಕೊಡಿ."

ನೀರು ಕೇಳಿದವರಿಗೆ ಅಮ್ಮ ಯಾವತ್ತೂ ಇಲ್ಲ ಎಂದವಳಲ್ಲ. ತುಂಬಿದ ಕೊಡಪಾನ ಅವಳ ಪಕ್ಕದಲ್ಲೇ ಇತ್ತು.

"ಬರ್ತದೆ, ಕೂತುಕೋ" ಎಂದಳು. "ಗಾಳಿಯಲ್ಲಿ ಐವತ್ತು ನಿಮಿಷ."

ಎಲೆ ಹಾಕುವ ಮೊದಲೇ ಜಗ್ಗಣ್ಣ ಎದ್ದು ಹೋದ. ಮತ್ತೆ ನಮ್ಮ ಅಂಗಳಕ್ಕೆ ಕಾಲಿಟ್ಟಿಲ್ಲ. ನಾವು ಕರೆಯಲೂ ಇಲ್ಲ.