ಒಡೆಯದ ನಿಂಬೆಹಣ್ಣು

ನಿನ್ನೆ ಆಯುಧಪೂಜೆ. ಎದುರುಮನೆಯ ಯುವಕ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಹೊಸ ಕಾರಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಗಾಡಿಯನ್ನು ಮೆಲ್ಲನೆ ಮುಂದಕ್ಕೆ ಬಿಟ್ಟ. ಹಣ್ಣುಗಳು ಒಡೆದ ಹುಳಿವಾಸನೆ ಜಗಲಿಯಲ್ಲಿದ್ದ ನನ್ನವರೆಗೂ ಬಂತು. ಬಂದದ್ದೇ ತಡ, ದೊಡ್ಡಮ್ಮ ನೆನಪಾದರು. ನಿಂಬೆಹಣ್ಣಿಗೂ ನನ್ನ ದೊಡ್ಡಪ್ಪನ ಹೆಂಡತಿಗೂ ಏನು ಸಂಬಂಧವೆಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ. ಆದರೆ ಈ ಪ್ರಸಂಗವನ್ನು ನಮ್ಮ ಬಂಧುಗಳ ಬಾಯಿಂದ ಈಗಾಗಲೇ ಕೇಳಿದ್ದರೆ ದಯವಿಟ್ಟು ಮರೆತುಬಿಡಿ. ದೊಡ್ಡಮ್ಮ ಮನೆದೇವರಿಗೆ ಹರಕೆ ಹೊತ್ತರು, ನಿಂತ ಕಾರು ಹೊರಟಿತು ಎಂಬುದು ಅವರ ಕಥನ. ಅವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಬಾನೆಟ್ಟಿನೊಳಗೆ ತಲೆಯಿಟ್ಟು ನಿಂತಿದ್ದವನು ನಾನು.

ತೊಂಬತ್ತರ ದಶಕದ ಆರಂಭ. ದೊಡ್ಡಬಳ್ಳಾಪುರದ ಬಳಿಯ ನಮ್ಮ ಊರಿಗೆ ನಾನೊಂದು ಕಾರು ತಂದಿದ್ದೆ. ನನಗಿಂತ ಮೊದಲು ಅದನ್ನು ಮೂವರು ಸಾಕಿ ಕೈಬಿಟ್ಟಿದ್ದರು. ಹಿಂದಿನ ಎಡಬಾಗಿಲಿನ ಒಳಹಿಡಿ ಮುರಿದಿದ್ದರಿಂದ ಅತ್ತ ಕುಳಿತವರನ್ನು ಹೊರಗಿನಿಂದ ಯಾರಾದರೂ ಬಾಗಿಲು ತೆಗೆದು ಇಳಿಸಿಕೊಳ್ಳಬೇಕಾಗಿತ್ತು. ನನ್ನ ಶಾಲೆ ಏಳನೆಯ ತರಗತಿಗೇ ನಿಂತಿದ್ದುದು ನಿಜ. ಎಂಜಿನ್ನಿನ ವಿದ್ಯೆಯನ್ನು ಮೊದಲ ಪುಟಗಳೇ ಇಲ್ಲದ ಹಳೆಯ ಕೈಪಿಡಿಯೊಂದರಿಂದ ಕಲಿತಿದ್ದೆ. ಹೀಗಾಗಿ ಕೆಟ್ಟ ಎಂಜಿನ್ನನ್ನು ಸರಿಪಡಿಸಬಲ್ಲವನಾಗಿದ್ದೆ. ಎಂಜಿನ್ ಎಂದರೇನೆಂದು ಯಾರಾದರೂ ಕೇಳಿದರೆ ಮಾತ್ರ ಕೆಮ್ಮು ಬರುತ್ತಿತ್ತು.

ದೊಡ್ಡಮ್ಮನ ತವರು ಕುಂದಾಣ. ಅಲ್ಲಿದ್ದ ಅವರ ತಮ್ಮ ನನಗೆ ವರಸೆಯಲ್ಲಿ ಮಾವ. ಮಾವನ ಮಗಳ ಲಗ್ನಪತ್ರಿಕೆಯಲ್ಲಿ ದೊಡ್ಡಮ್ಮನ ಹೆಸರು ಬಿಟ್ಟುಹೋಗಿತ್ತು. ಅಂದಿನಿಂದ ಅವರು ತವರಿನ ಹೊಸಿಲು ತುಳಿದಿರಲಿಲ್ಲ. ಪ್ರೆಸ್ಸಿನವನ ತಪ್ಪು ಎಂದು ಮಾವ ಹೇಳಿಕಳುಹಿಸಿದ್ದರು. ಲಗ್ನಪತ್ರಿಕೆಗಳಲ್ಲಿ ಬಿಟ್ಟುಹೋದ ಹೆಸರುಗಳಿಗೆಲ್ಲ ಪ್ರೆಸ್ಸಿನವನೇ ಹೊಣೆ ಎಂಬ ವಿವರಣೆಯನ್ನು ನಾನೂ ನಂಬುವವನಲ್ಲ. ಹಂಚುವ ಮುನ್ನ ಮನೆಯಲ್ಲಿ ಒಬ್ಬರಾದರೂ ಓದಿ ನೋಡಿರಬೇಡವೇ? ನಾನು ಕಾರು ತಂದ ವರ್ಷದ ಆಯುಧಪೂಜೆಗೆ ಮಾವ ಮತ್ತೆ ಹೇಳಿಕಳುಹಿಸಿದರು: "ಅಕ್ಕ ಬರೋಗಂಟ ನಮ್ಮನೇಲಿ ಎಲೆ ಹಾಕ್ಸಲ್ಲ." ದೊಡ್ಡಮ್ಮ ನನ್ನ ಕಾರಿನತ್ತ ನೋಡಿ, "ನಡಿ, ಬರ್ತೀನಿ" ಎಂದರು. ಆ ಒಂದು ಮಾತಿಗಾಗಿ ಎರಡು ಮನೆಗಳು ವರ್ಷಗಟ್ಟಲೆ ಕಾದಿದ್ದವು. ಇಂದು ಹಿಂದೆ ಸರಿದರೆ ಅವರು ಇನ್ನೆಂದೂ ಹೊರಡುವವರಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಪೂಜೆಯಾಯಿತು. ಚಕ್ರಗಳಡಿ ನಿಂಬೆಹಣ್ಣು ಕುಳಿತವು. ಬಲಬದಿಯ ಸೀಟನ್ನು ಹೂವಿನ ಬುಟ್ಟಿ, ಬೂದುಗುಂಬಳಗಳು ಆಕ್ರಮಿಸಿದ್ದವು. ಎಡಬದಿಯಲ್ಲಿ ದೊಡ್ಡಮ್ಮ, ಅವರ ಮಡಿಲಲ್ಲಿ ತಮ್ಮನಿಗೆಂದು ತೆಗೆದುಕೊಂಡ ಹೊಸ ಪಂಚೆ, ಶಲ್ಯ. ಕೀಲಿ ತಿರುಗಿಸಿದೆ. ಎಂಜಿನ್ನನ್ನು ಎಬ್ಬಿಸಬೇಕಾದ ಸೆಲ್ಫ್ ಮೋಟಾರು ಗಿರಗಿರನೆ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ. ಮತ್ತದೇ.

ತೆರೆದ ಕಿಟಕಿಯಿಂದ ದೊಡ್ಡಮ್ಮನ ದನಿ ಬಂತು. "ನೋಡ್ದಾ? ನಿಂಬೆಹಣ್ಣೂ ಒಡೀಲಿಲ್ಲ. ಹೋಗ್ಬ್ಯಾಡ ಅಂತದೆ ಕಣಪ್ಪಾ. ಬಾಗ್ಲು ತೆಗಿ."

"ಒಂದೇ ನಿಮಿಷ, ದೊಡ್ಡಮ್ಮ."

ಪಕ್ಕದ ಮನೆಯ ಮುನಿಯಪ್ಪ ಟ್ರ್ಯಾಕ್ಟರ್ ಇಟ್ಟಿದ್ದವನು; ಆದ್ದರಿಂದ ಸಕಲ ವಾಹನಗಳ ವಿಷಯದಲ್ಲೂ ಅಂತಿಮ ತೀರ್ಪು ಅವನದೇ. "ಬ್ಯಾಟ್ರಿ ಹೋಗದೆ ಗುರು. ತಳ್ಳಾಣ ಬಾ" ಎಂದ.

"ತಳ್ಳಿಸ್ಕೊಂಡು ತವರಿಗೆ ಹೋದ್ಳು ಅನ್ನಿಸ್ಕೊಳ್ಳಾನಾ? ಬಾಗ್ಲು ತೆಗೀಲಾ ಅಂದೆ!"

ಬ್ಯಾಟರಿ ಸತ್ತಿದ್ದರೆ ಸೆಲ್ಫ್ ಅಷ್ಟು ಹುರುಪಿನಿಂದ ತಿರುಗುವುದುಂಟೇ? ಎಲ್ಲದಕ್ಕೂ ಬ್ಯಾಟರಿ ಎನ್ನುವುದು ಎಲ್ಲದಕ್ಕೂ ಪ್ರೆಸ್ಸಿನವನು ಎಂದಂತೆ. ಮುನಿಯಪ್ಪನನ್ನೇ ಕೀಲಿಯ ಮುಂದೆ ಕೂರಿಸಿ, ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬೊರೇಟರಿಗೆ ಬರುವ ಪೈಪು ಬಿಚ್ಚಿ, ಸೆಲ್ಫ್ ಹೊಡೆಯಲು ಹೇಳಿದೆ. ಪೆಟ್ರೋಲು ಧಾರಾಳವಾಗಿ ಚಿಮ್ಮಿ ನನ್ನ ಹಬ್ಬದ ಅಂಗಿಯನ್ನು ನೆನೆಸಿತು. ಪೆಟ್ರೋಲಿಗೆ ಕೊರತೆಯಿಲ್ಲವೆಂದಾಯಿತು, ಇನ್ನು ಕಿಡಿಯ ಪರೀಕ್ಷೆ. ಪೆಟ್ರೋಲು ಕುಡಿದ ಅಂಗಿ ತೊಟ್ಟು ಕಿಡಿ ಹುಡುಕುವುದು ಅಧಿಕಪ್ರಸಂಗವೆನಿಸಿ, ಪೈಪು ಮತ್ತೆ ಸಿಕ್ಕಿಸಿ, ಚೆಲ್ಲಿದ್ದನ್ನು ಅದೇ ಅಂಗಿಯಿಂದ ಒರೆಸಿ ದೂರ ಎಸೆದು, ಬನಿಯನ್ನಿಗಿಳಿದೆ.

"ಅಯ್ಯೋ, ಬಟ್ಟೇನೂ ಬಿಚ್ದಾ! ಇನ್ನೇನು ನೋಡ್ಬೇಕೋ ಶಿವನೇ! ಮುನಿಯಪ್ಪಾ, ನೀನಾದ್ರೂ ಬಾಗ್ಲು ತೆಗಿಯೋ."

"ಕೂತ್ಕೊಳ್ಲಾ ಮುನಿಯಾ!" ಎಂದು ಗದರಿದೆ.

ಪ್ಲಗ್ಗಿನ ವಯರು ಕಿತ್ತು ಲೋಹದ ಬಳಿ ಹಿಡಿದು ನೋಡಿದರೆ ಕಿಡಿಯಿಲ್ಲ. ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ದಪ್ಪ ವಯರನ್ನು ಹಿಡಿದರೆ ಟಪ್ಪನೆ ನೀಲಿ ಕಿಡಿ. ಅಂದರೆ ಕಿಡಿ ಹುಟ್ಟುತ್ತಿದೆ, ಪ್ಲಗ್ಗುಗಳಿಗೆ ತಲುಪುತ್ತಿಲ್ಲ. ನಡುವೆ ಇರುವುದು ಅದನ್ನು ಸರದಿಯಂತೆ ಹಂಚುವ ಡೆಲ್ಕೊ ಎಂಬ ಡಬ್ಬಿ. ಮುಚ್ಚಳ ತೆಗೆದೆ. ಒಳಗೆ ನೀರಿನ ಹನಿಗಳು, ಜೊತೆಗಿಷ್ಟು ಕುಂಕುಮ.

"ದೊಡ್ಡಮ್ಮ, ಬೆಳಿಗ್ಗೆ ಬಾನೆಟ್ ಒಳಕ್ಕೆ ನೀರು ಹುಯ್ದೋರ್ಯಾರು?"

"ನಾನೇ ಕಣಪ್ಪಾ, ಎಲ್ಡು ಬಿಂದ್ಗೆ. ಮೈ ತೊಳ್ದು ಹೊಟ್ಟೆ ಬಿಟ್ರೆ ಪೂಜೆ ಆಯ್ತದಾ?"

"ಹಂಗಾದ್ರೆ ಅಪಶಕುನ ನಿಮ್ಮ ಬಿಂದ್ಗೇಲೇ ಇತ್ತು."

ಈಗ ಬೇಕಾದದ್ದು ಒಂದು ಒಣಬಟ್ಟೆ. ನನ್ನ ಅಂಗಿ ಪೆಟ್ರೋಲು, ಬನಿಯನ್ನು ಬೆವರು, ಕಾರು ಒರೆಸಿದ ಬಟ್ಟೆಗಳೆಲ್ಲ ಒದ್ದೆ. ಮನೆಯೊಳಗೆ ಹೋಗಿ ಹುಡುಕಿ ಬರುವಷ್ಟರಲ್ಲಿ ಮುನಿಯಪ್ಪ ಬಾಗಿಲು ತೆಗೆದುಬಿಟ್ಟರೆ? ಮುಚ್ಚಳ ಹಿಡಿದು ಅತ್ತಿತ್ತ ನೋಡಿದೆ. ಆಗ ಕಿಟಕಿಯಿಂದ ಶಲ್ಯ ಹೊರಬಂತು.

"ತಗೋ. ಒರ್ಸು."

"ಮಾವನಿಗೆ ತಂದಿದ್ದಲ್ವಾ?"

"ಅವ್ನಿಗೇ ಕಣೋ. ಒರ್ಸು ಅಂದೆ."

ಒರೆಸಿದೆ; ಶಲ್ಯದ ಅಂಚಿಗೆ ಅಂಗೈಯಗಲ ಮಸಿ ಹತ್ತಿತು. ಮುಚ್ಚಳ ಹಾಕಿ, ಮುನಿಯಪ್ಪನನ್ನು ಇಳಿಸಿ, ಕೀಲಿ ತಿರುಗಿಸುತ್ತಲೇ ಎಂಜಿನ್ ಹಿಡಿಯಿತು. ಮೂರು ಹಣ್ಣು ಒಡೆದವು. ನಾಲ್ಕನೆಯದು ಚಕ್ರದಿಂದ ನುಣುಚಿಕೊಂಡು ಚರಂಡಿಗೆ ಉರುಳಿತು. "ಅದು ಪ್ರೆಸ್ಸಿನೋನ ಪಾಲು" ಎಂದರು ದೊಡ್ಡಮ್ಮ.

ಕುಂದಾಣದಲ್ಲಿ ಮಾವ ಬೀದಿಯಲ್ಲೇ ನಿಂತಿದ್ದರು. ಬಾಗಿಲು ತೆಗೆಯಲೆಂದು ನಾನು ಕಾರನ್ನು ಸುತ್ತಿ ಬರುವಷ್ಟರಲ್ಲಿ ದೊಡ್ಡಮ್ಮ ಕಿಟಕಿಯಿಂದ ಕೈ ಹೊರಚಾಚಿ, ಹೊರಹಿಡಿಯನ್ನು ತಿರುಗಿಸಿ, ಸಲೀಸಾಗಿ ಇಳಿದುಬಿಟ್ಟರು.

"ಏನಕ್ಕಾ ಇದು, ಮಸಿ?" ಎಂದರು ಮಾವ, ಶಲ್ಯ ಬಿಡಿಸಿ.

"ನಿನ್ ಮನೆಗೆ ಬರಕ್ಕೆ ಆಗಿದ್ದು ಕಣೋ. ಹೊದ್ಕೊ."

ಹೊದ್ದುಕೊಂಡೇ ಅವರು ಊಟಕ್ಕೆ ಕುಳಿತರು.

ಇಷ್ಟು ವರ್ಷ ನಾನು ಈ ಕಥೆಯಲ್ಲಿ ಕಿಡಿಯನ್ನೂ ಡೆಲ್ಕೊವನ್ನೂ ವಿಸ್ತರಿಸಿ, ದೊಡ್ಡಮ್ಮನನ್ನು ತವರಿಗೆ ತಲುಪಿಸಿದ್ದು ನನ್ನ ತರ್ಕ ಎಂದೇ ಮುಗಿಸುತ್ತಿದ್ದೆ. ಕಿಟಕಿಯಿಂದ ಚಾಚಿದ ಆ ಕೈಯನ್ನು ಕಣ್ಣಾರೆ ಕಂಡಿದ್ದರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಂಧುಗಳ ಕಥನವನ್ನೆಲ್ಲ ಬಿಚ್ಚಿ ಪರೀಕ್ಷಿಸಿದವನು ನನ್ನದರ ಮುಚ್ಚಳವನ್ನೇ ತೆಗೆದಿರಲಿಲ್ಲ ನೋಡಿ. ಹಿಡಿ ಅಷ್ಟು ಹತ್ತಿರವಿದ್ದೂ ಅವರು ಅಷ್ಟು ಹೊತ್ತು ಬಾಗಿಲು ತೆಗಿ, ಬಾಗಿಲು ತೆಗಿ ಎನ್ನುತ್ತಲೇ ಕುಳಿತಿದ್ದರು.

ನಿನ್ನೆ ಇದೆಲ್ಲ ನೆನೆದು ತಲೆಯೆತ್ತಿದಾಗ, ಹಣ್ಣುಗಳನ್ನು ದಾಟಿದ ಎದುರುಮನೆಯ ಕಾರು ಇನ್ನೂ ಬಾಗಿಲ ಮುಂದೆಯೇ ನಿಂತಿತ್ತು. "ಅವರ ಮನೆಗೆ ನಾನ್ಯಾಕೋ ಬರ್ಲಿ? ಇಳಿಸೋ ನನ್ನ!" ಎಂದು ತಾಯಿ ಗದರುತ್ತಿದ್ದರು. ಯುವಕ ದಿಕ್ಕುತೋಚದೆ ನನ್ನತ್ತ ನೋಡಿದ. ಹೊಸ ಕಾರು, ಬಾಗಿಲು ಒಳಗಿನಿಂದಲೇ ತೆರೆಯುತ್ತದೆ. ನಾನು ಆ ತಾಯಿಯ ಕೈಗಳನ್ನು ನೋಡಿದೆ. ಎರಡೂ ಮಡಿಲಲ್ಲಿದ್ದವು.

"ಹೊರಡಪ್ಪಾ" ಎಂದೆ.