ಕೆಂಪು ಗಾಜಿನಲ್ಲಿ ಕಂಡ ನಾಲ್ಕು

ಮೊನ್ನೆ ಮೊಮ್ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಹೋಗಿದ್ದೆ. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಫೋಟೋ ಕಾಕಾ ನೆನಪಾದರು...

ಮಲಪನಗುಡಿಯಲ್ಲಿ ಅವರದು ನಮ್ಮ ಪಕ್ಕದ ಮನೆ, ಸ್ಟುಡಿಯೋ ಹೊಸಪೇಟೆಯಲ್ಲಿ. ಅವರ ಹತ್ತಿರ ಹಳೆಯ ಮಡಚುವ ಕ್ಯಾಮೆರಾ ಒಂದಿತ್ತು. ಅದರ ಅಗಲದ ಫಿಲ್ಮು ಅಂಗಡಿಗೆ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಕಾಕಾ ಬಿಡುವ ಪೈಕಿಯಲ್ಲ. ಕಟ್ಟಿಗೆ ಚೂರು ಕೆತ್ತಿ ಒಳಗೆ ಕೂರಿಸಿ, ಸಿಗುವ ಸಣ್ಣ ರೋಲನ್ನೇ ಹಿಡಿಯುವಂತೆ ಮಾಡಿದರು. ಲೆನ್ಸಿನ ಹಿಂದಿನ ಮಡಿಕೆಮಡಿಕೆಯ ತಿದಿ ತೂತುಬಿದ್ದಲ್ಲಿ ಕರಿ ಬಟ್ಟೆ, ಅಂಟಿಸಲು ಸೈಕಲ್ ಸೊಲ್ಯೂಷನ್. ಫೋಟೋ ಎತ್ತರ ಕಡಿಮೆಯಾಗಿ ಉದ್ದಕ್ಕೆ ಬರುತ್ತಿತ್ತು. ಹಂಪಿ ಬಜಾರಿನ ಸಾಲುಮಂಟಪಗಳೆಲ್ಲ ಒಂದೇ ಫೋಟೋದಲ್ಲಿ! ಕ್ಯಾಮೆರಾದ ಬೆನ್ನಿಗೆ ತೂತು ಕೊರೆದು ಕೆಂಪು ಗಾಜು ಅಂಟಿಸಿದ್ದರು. ಅದರಲ್ಲಿ ಫಿಲ್ಮಿನ ಹಿಂದಿನ ಕಾಗದದ ಅಂಕಿ ಕಾಣುತ್ತಿತ್ತು. ಉದ್ದನೆಯ ಫೋಟೋ ಮೂರು ಅಂಕಿಗಳಷ್ಟು ಜಾಗ ತಿನ್ನುವುದರಿಂದ ಒಂದಕ್ಕೆ ಒಂದು ಫೋಟೋ, ನಾಲ್ಕಕ್ಕೆ ಇನ್ನೊಂದು. ನಾಲ್ಕು ಪೂರ್ತಿ ಬರುವ ಮೊದಲೇ ನಿಲ್ಲಿಸಿದರೆ ಎರಡೂ ಅಂಚಿನಲ್ಲಿ ಒಂದರ ಮೇಲೊಂದು ಏರುತ್ತವೆ.

ಆಗ ಕಾಲುವೆ ನೀರಿನ ಪಾಳಿಗಾಗಿ ನನ್ನ ಗಂಡನಿಗೂ ಭಾವನಿಗೂ ಮಾತು ನಿಂತಿತ್ತು. ಕಬ್ಬು ಆಳೆತ್ತರ, ಇಬ್ಬರ ಸಿಟ್ಟೂ ಅಷ್ಟೇ. ಹಾಸಿಗೆ ಹಿಡಿದಿದ್ದ ಅತ್ತೆಗೆ ಒಂದೇ ಆಸೆ: ಇಬ್ಬರು ಮಕ್ಕಳೂ ತನ್ನ ಜೊತೆ ಒಂದೇ ಫೋಟೋದಲ್ಲಿ ಇರಬೇಕು. ಇಬ್ಬರೂ ಒಪ್ಪಲಿಲ್ಲ. ಕೊನೆಗೆ ಬೇರೆ ಬೇರೆ ಫೋಟೋ ಎಂದಾಯಿತು. ಅತ್ತೆಯನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದೆವು. ಮೊದಲು ಭಾವ ಕುರ್ಚಿಯ ಆ ಬದಿಗೆ ನಿಂತು ಫೋಟೋ ತೆಗೆಸಿಕೊಂಡು ಹೋದರು, ಆಮೇಲೆ ನನ್ನ ಗಂಡ ಈ ಬದಿಗೆ. ಇಬ್ಬರಿಗೂ ಕಾಕಾ, "ಇನ್ನಾ ಚೂರು ಅಂಚಿಗೆ ಸರೀರಿ," ಎಂದದ್ದು ನೆನಪಿದೆ.

ಎರಡು ಫೋಟೋಗಳ ನಡುವೆ ಕಾಕಾ ಫಿಲ್ಮು ತಿರುವಿದರು. ಅವರ ಕಣ್ಣು ಮಂದವಾಗಿತ್ತು.

"ನೋಡವ್ವಾ, ನಾಕು ಬಂತೇನು?"

"ಬಂತ್ರೀ ಕಾಕಾ," ಎಂದೆ.

ತೊಳೆದು ಬಂದ ಫೋಟೋದಲ್ಲಿ ಎರಡರ ನಡುವೆ ಗೆರೆಯೇ ಇರಲಿಲ್ಲ. ಆ ತುದಿಗೊಬ್ಬ ಅತ್ತೆ, ಈ ತುದಿಗೊಬ್ಬ ಅತ್ತೆ. ನಡುವೆ ಅಣ್ಣನ ಭುಜದೊಳಗೆ ತಮ್ಮನ ಭುಜ ಕರಗಿತ್ತು. ನನ್ನ ಗಂಡ ಓಣಿಗೆಲ್ಲ ಕೇಳುವಂತೆ ಕೂಗಾಡಿದರು: "ಭಾಳ ಶಾಣ್ಯಾ ಆಗೀರಿ! ಇಬ್ರನ್ನೂ ಕೂಡ್ಸ್ರಿ ಅಂತ ಯಾರು ಹೇಳಿದ್ರು ನಿಮಗ?"

"ತಪ್ಪು ನಂದ ಐತ್ರಿ. ಕಣ್ಣು ಕಾಣವಲ್ದು," ಎಂದರು ಕಾಕಾ. ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕಣ್ಣು ಕಾಣದ ಫೋಟೋದವರು ಎಂಬ ಸುದ್ದಿ ಹಬ್ಬಿ, ಮದುವೆಗೆ ಅವರನ್ನು ಕರೆಯುವುದು ನಿಂತಿತು. ಸ್ಟುಡಿಯೋ ಮುಚ್ಚಿತು. ಅತ್ತೆ ಮಾತ್ರ ಆ ಫೋಟೋ ದಿಂಬಿನ ಕೆಳಗಿಟ್ಟುಕೊಂಡೇ ಹೋದರು.

ಕಾಕಾ ಬೇಕೆಂದೇ ಮೊದಲೇ ನಿಲ್ಲಿಸಿದರೇ? ಹಾಗಿದ್ದರೆ ನನ್ನನ್ನೇಕೆ ಕೇಳಿದರು? ತಪ್ಪೇ ಆಗಿದ್ದರೆ ಕತ್ತರಿಸದೆ ಇಡಿಯಾಗಿ ಪ್ರಿಂಟು ಹಾಕಿದ್ದೇಕೆ? ನಾನಾದರೂ ಬಂತು ಎಂದದ್ದು ಅವಸರಕ್ಕೋ, ಅತ್ತೆಗಾಗಿಯೋ... ಯೋಚಿಸಿದಷ್ಟೂ ತಲೆ ಕೆಡುತ್ತದೆ. ಕೇಳೋಣವೆಂದರೆ ಕಾಕಾ ಇಲ್ಲ, ಆ ಅಣ್ಣತಮ್ಮಂದಿರೂ ಇಲ್ಲ.

"ಆತ್ರೀ ಅಮ್ಮಾ, ತಗೊಂಡು ಹೋಗ್ರಿ," ಎಂದ ಪಂಕ್ಚರಿನವನು. ಸೈಕಲ್ ತಳ್ಳಿಕೊಂಡು ಬಂದೆ. ಅಂದು ಬಂತು ಎಂದು ಯಾಕೆ ಹೇಳಿದೆನೋ ಗೊತ್ತಿಲ್ಲ. ಆ ಕೆಂಪು ಗಾಜಿನಲ್ಲಿ ಕಂಡದ್ದು ಮಾತ್ರ ಗೊತ್ತು. ನಾಲ್ಕು ಬಂದಿರಲಿಲ್ಲ, ಅದರ ಅಂಚಷ್ಟೇ ಕಂಡಿತ್ತು. ಕಾಕಾ ಬದುಕಿದ್ದಾಗ ಇಷ್ಟನ್ನು ನಾಲ್ಕು ಜನರ ಮುಂದೆ ಹೇಳಲಿಲ್ಲ ನಾನು.